ಮಾಲ್ಗುಡಿಗೆ ಟಿಕೆಟ್ ಎಲ್ಲಿ?

ಪ್ರಶ್ನೆ: ‘ಮಾಲ್ಗುಡಿ ಡೇಸ್’ ಟೀವಿ ಧಾರಾವಾಹಿಯ ರೈಲ್ವೆ ಸ್ಟೇಷನ್ ಅಸಲಿಯೋ, ಸೆಟ್ಟೋ? ಭಾವನ ಜತೆ ಮಸಾಲೆ ದೋಸೆ ಪಂದ್ಯ ಕಟ್ಟಿದ್ದೇನೆ. ನಾನು ಸೆಟ್ಟು ಅಂದಿದ್ದೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ದೋಸೆ ಕೊಡಿಸಿಬಿಡಿ ಸ್ವಾಮಿ, ಸೋತಿರಿ! ಆರ್.ಕೆ. ನಾರಾಯಣರ ಕಲ್ಪನೆಯ ಊರನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಕಂಡುಕೊಂಡರು. ಆದರೆ ಆಗುಂಬೆಗೆ ರೈಲೆಲ್ಲಿದೆ? ಹಾಗಾಗಿ ಸ್ಟೇಷನ್ನಿಗೆ ಹೊಸನಗರ ತಾಲ್ಲೂಕಿನ ಅರಸಾಳಿಗೆ ಹೋದರು. ಕಟ್ಟಡ ಅಸಲಿ, ಹೆಸರು ಮಾತ್ರ ಸುಳ್ಳು. 2020ರಲ್ಲಿ ಆ ಹಳೇ ಕಟ್ಟಡವೇ ಮ್ಯೂಸಿಯಂ ಆಯಿತು.

ಧಾರಾವಾಹಿಯ ಹುಡುಗ ಸ್ವಾಮಿಯ ಮನೆಯಾದದ್ದು ಆಗುಂಬೆಯ ದೊಡ್ಡಮನೆ. ನಾನು ಹೋದದ್ದು ಜಡಿಮಳೆಯಲ್ಲಿ. ಜಗಲಿಯ ಮರದ ಕಂಬ ಸವರಿದೆ, ಎಣ್ಣೆ ಹಚ್ಚಿದಷ್ಟು ನುಣುಪು. ಧಾರಾವಾಹಿಯ ‘ತಾನಾನ ತಾನನಾನ’ ರಾಗ ಗುನುಗುತ್ತ ನಿಂತವನ ಹಿಮ್ಮಡಿಗೆ ಉಂಬಳ ಹತ್ತಿದ್ದು ಗೊತ್ತಾದದ್ದು ಬಸ್ಸಿನಲ್ಲಿ.