ಹೊಟ್ಟೆಗೆ ಹಿಟ್ಟು, ಜುಟ್ಟಿಗೆ ಮಲ್ಲಿಗೆ

ಓದುಗರ ಪತ್ರ: "ಮಾನ್ಯ ಸಂಪಾದಕರೇ, ಅಮೆರಿಕದ ಮ್ಯಾಡಿಸನ್‌ಗೆ ಬಂದು ನೆಲೆಸಿದ ಮೇಲೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹುಚ್ಚು ಹಿಡಿದಿದೆ. ಪಂದ್ಯಕ್ಕೆ ಮೊದಲು ಪಾರ್ಕಿಂಗ್ ಜಾಗದಲ್ಲಿ ಗ್ರಿಲ್ ಹಚ್ಚಿಕೊಂಡು ಕೂತಾಗೆಲ್ಲ ಒಂದೇ ಜಗಳ. ಹಳಬರಿಗೆ ಚೆಂಡನ್ನು ಕಂಕುಳಲ್ಲಿ ಅಮುಕಿಕೊಂಡು ಓಡುವ ಆಟವೇ ಬೇಕು. ಅದು ಅಜ್ಜನ ಕಾಲದ್ದು, ಪಾಸ್ ಎಸೆಸುವ ಆಧುನಿಕ ಕೋಚ್ ಬೇಕು, ಒಬ್ಬ ಆಗದಿದ್ದರೆ ಇನ್ನೊಬ್ಬ ಎಂಬುದು ನನ್ನ ವಾದ. ಈಗ ಆಟಗಾರರು ಕಾಲೇಜು ಬದಲಿಸಲು ಹೆಸರು ಬರೆಸುವ ಟ್ರಾನ್ಸ್‌ಫರ್ ಪೋರ್ಟಲ್ ಬೇರೆ ಇದೆ, ಒಂದೇ ಚಳಿಗಾಲದಲ್ಲಿ ಇಡೀ ತಂಡವನ್ನೇ ಬದಲಾಯಿಸಬಹುದು. ನಿಮ್ಮ ಅಭಿಪ್ರಾಯವೇನು? ಐವರು ಕೋಚ್‌ಗಳ ಪಟ್ಟಿ ಲಗತ್ತಿಸಿದ್ದೇನೆ."

ಸಂಪಾದಕರ ಉತ್ತರ: ಮೊದಲು ನಿಮ್ಮ ಪಾಲಿನದ್ದು ಕೊಟ್ಟುಬಿಡುತ್ತೇವೆ. ಪಾಸ್ ಆಟ ಗೆಲ್ಲುತ್ತದೆ, ಅನುಮಾನವಿಲ್ಲ. ಮೈಕ್ ಲೀಚ್ ಟೆಕ್ಸಾಸ್ ಟೆಕ್‌ನಲ್ಲಿ ಹತ್ತು ಋತುಗಳಲ್ಲಿ 84 ಪಂದ್ಯ ಗೆದ್ದದ್ದು ಪಾಸ್ ಮೇಲೆ ಪಾಸ್ ಎಸೆಯುವ ಏರ್ ರೇಡ್ ಪದ್ಧತಿಯಿಂದಲೇ. 2019ರಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ (ಎಲ್‌ಎಸ್‌ಯು) ತಂಡದ ಜೋ ಬರೋ 60 ಟಚ್‌ಡೌನ್ ಪಾಸ್ ಎಸೆದರು, ತಂಡ 15ಕ್ಕೆ 15 ಗೆದ್ದಿತು. ಆದರೆ ಅದೇ ವರ್ಷ ದೇಶದ ಅತ್ಯುತ್ತಮ ಅಫೆನ್ಸಿವ್ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿಯೂ ಎಲ್‌ಎಸ್‌ಯುಗೇ ಬಂತು. ಅದನ್ನು ಮಾತ್ರ ನಿಮ್ಮ ಪಾರ್ಕಿಂಗ್ ಜಾಗದಲ್ಲಿ ಯಾರೂ ಎತ್ತಿರಲಿಕ್ಕಿಲ್ಲ.

ಊರಲ್ಲಿ ಕೂತು ಓದುವವರಿಗೆ ಎರಡು ಮಾತು. ಇದು ಕಾಲ್ಚೆಂಡಲ್ಲ. ಹನ್ನೊಂದು ಜನ, ನಾಲ್ಕು ಸರದಿ, ಅಷ್ಟರೊಳಗೆ ಹತ್ತು ಯಾರ್ಡ್ ಮುಂದೆ ಹೋಗಬೇಕು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬಹುದು, ಓಟಗಾರನ ಕೈಗೆ ಕೊಡಬಹುದು, ತಾನೇ ಓಡಬಹುದು. ಇವನ ಮುಂದೆ ಗೋಡೆಯಂತೆ ನಿಲ್ಲುವ ಐವರೇ ಅಫೆನ್ಸಿವ್ ಲೈನ್. ಚೆಂಡು ಅವರ ಕೈಗೆ ಬರುವುದೇ ಅಪರೂಪ, ಹೆಸರು ಪತ್ರಿಕೆಯಲ್ಲಿ ಬರುವುದು ತಪ್ಪು ಮಾಡಿದಾಗ.

ನಿಮ್ಮ ಹಳಬರು ಹಂಬಲಿಸುವ ಆಟದಲ್ಲಿ 'ಪವರ್' ಎಂಬುದನ್ನೇ ನೋಡಿ. ಓಟ ಬಲಕ್ಕೆ ಎಂದುಕೊಳ್ಳಿ. ಬಲಗಡೆಯ ಲೈನ್‌ಮನ್‌ಗಳೆಲ್ಲ ತಮ್ಮ ಒಳಬದಿಯ ಎದುರಾಳಿಯನ್ನು ಎಡಕ್ಕೆ ಒತ್ತುತ್ತಾರೆ. ಹೊರತುದಿಯ ಎದುರಾಳಿಯನ್ನು, ಓಟಗಾರನಿಗೆ ದಾರಿ ಬಿಡಿಸುವ ಫುಲ್‌ಬ್ಯಾಕ್ ಬಂದು ಹೊರಕ್ಕೆ ತಳ್ಳುತ್ತಾನೆ. ನಡುವೆ ತೆರೆಯುವ ಸಂದಿಗೆ ಎಡಗಡೆಯ ಗಾರ್ಡ್ (ಲೈನಿನ ನಡುವಿನವನ ಪಕ್ಕದವನು) ಹಿಂದಿನಿಂದ ಸುತ್ತಿ ಬಂದು ನುಗ್ಗುತ್ತಾನೆ, ಓಟಗಾರ ಅವನ ಬೆನ್ನಿಗೇ ಅಂಟಿಕೊಂಡಿರುತ್ತಾನೆ. ಈ ಗಾರ್ಡ್‌ನ ಮೊದಲ ಹೆಜ್ಜೆ ಒಂದಡಿ ಹೆಚ್ಚು ಹಿಂದೆ ಬಿತ್ತೋ, ಅವನು ಸಂದಿಗೆ ತಡವಾಗಿ ಬಂದು ತನ್ನದೇ ಓಟಗಾರನಿಗೆ ಡಿಕ್ಕಿ ಹೊಡೆಯುತ್ತಾನೆ. ಒಳಗೆ ಒತ್ತಬೇಕಿದ್ದವನು ಒಬ್ಬನನ್ನು ಬಿಟ್ಟರೆ ಆ ಎದುರಾಳಿ ಬಂದು ಗಾರ್ಡ್‌ನ ಕಾಲಿಗೇ ಬೀಳುತ್ತಾನೆ. ನೋಡುವವರಿಗೆ ಮಾತ್ರ 'ಅಯ್ಯೋ, ಮತ್ತೆ ನಡುವೆ ಓಡಿಸಿದ, ಒಂದು ಯಾರ್ಡೂ ಬರಲಿಲ್ಲ'.

ಈಗ ಏರ್ ರೇಡ್. ಲೈನ್‌ಮನ್‌ಗಳ ನಡುವೆ ಮೂರಡಿಯಷ್ಟು ಜಾಗ, ಪಾಸ್ ಹಿಡಿಯಲು ಅಗಲಕ್ಕೆ ಹರಡಿದ ನಾಲ್ವರು ರಿಸೀವರ್‌ಗಳು, ಫುಲ್‌ಬ್ಯಾಕ್‌ಗೆ ಕೆಲಸವೇ ಇಲ್ಲ. ಮುಂದಕ್ಕೆ ಗುದ್ದಲೆಂದೇ ಸಾಕಿದ 145 ಕಿಲೋ ಆಳು ಇಲ್ಲಿ ಹಿಂದಕ್ಕೂ ಪಕ್ಕಕ್ಕೂ ಹೆಜ್ಜೆಯಿಡುತ್ತ, ತನಗಿಂತ 30 ಕಿಲೋ ಹಗುರಾಗಿ ಹೊರಗಿನಿಂದ ಧಾವಿಸುವವನನ್ನು ಮೂರು ಸೆಕೆಂಡು ತಡೆಯಬೇಕು. ಬೇಕಾದ ಕಾಲೇ ಬೇರೆ, ಸೊಂಟವೇ ಬೇರೆ. ಅದನ್ನು ಕಲಿಸಲು ಸಿಗುವ ಹೊತ್ತಾದರೂ ಎಷ್ಟು? ವಸಂತದಲ್ಲಿ 15 ಅಭ್ಯಾಸ, ಋತು ಶುರುವಾದ ಮೇಲೆ ವಾರಕ್ಕೆ 20 ಗಂಟೆ, ದಿನಕ್ಕೆ ನಾಲ್ಕರ ಮೇಲಿಲ್ಲ. ನಿಯಮವೇ ಹಾಗಿದೆ.

ಎದುರಾಳಿಯ ಸರದಿಯಲ್ಲಿ ತಡೆಯಲು ಇಳಿಯುವ ಡಿಫೆನ್ಸ್‌ನವರ ಪಾಡೂ ಇದೆ. ಕೈಗೆ ಸಿಗದ ಪಾಸ್ ಗಡಿಯಾರವನ್ನು ನಿಲ್ಲಿಸುತ್ತದೆ. ಸಾಲಾಗಿ ಮೂರು ಪಾಸ್ ನೆಲಕ್ಕೆ ಬಿದ್ದರೆ ಆಟದ ಗಡಿಯಾರದಲ್ಲಿ ಅರ್ಧ ನಿಮಿಷವೂ ಸರಿದಿರುವುದಿಲ್ಲ. ಆಗತಾನೇ ಬೆಂಚಿಗೆ ಬಂದು ನೀರು ಬಾಯಿಗೆ ಹಾಕಿಕೊಂಡವರು ಮತ್ತೆ ಎದ್ದು ಹೋಗಬೇಕು. ಮೂರು ಸಲ ಓಡಿ ಸೋತರೂ ಎರಡು ನಿಮಿಷದ ಹತ್ತಿರ ಹೋಗುತ್ತದೆ. ನವೆಂಬರ್‌ನ ಮ್ಯಾಡಿಸನ್ ಗಾಳಿಯಲ್ಲಿ ಚೆಂಡು ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ನಿಮಗೆ ನಾವು ಹೇಳಬೇಕಿಲ್ಲ.

ನಿಮ್ಮೂರಿನ ಚರಿತ್ರೆಯನ್ನೇ ತೆಗೆಯಿರಿ. ಬ್ಯಾರಿ ಅಲ್ವಾರೆಜ್ 1990ರಲ್ಲಿ ಕೋಚ್ ಆಗಿ ಬಂದರು. ಮೊದಲ ವರ್ಷ ಒಂದು ಗೆಲುವು, ಹತ್ತು ಸೋಲು. ಆಮೇಲೆ ಎರಡು ವರ್ಷ 5-6, 5-6. ಇವತ್ತಾಗಿದ್ದರೆ ಅಷ್ಟರಲ್ಲಿ ಮನೆಗೆ ಕಳಿಸಿರುತ್ತಿದ್ದಿರಿ, ನಿಮ್ಮ ಪತ್ರದ ಧಾಟಿ ನೋಡಿದರೆ ಮೊದಲ ಕಲ್ಲು ನಿಮ್ಮದೇ. ನಾಲ್ಕನೇ ವರ್ಷದ ಕೊನೆಗೆ ರೋಸ್ ಬೌಲ್ ಗೆದ್ದರು, ಋತು ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳನ್ನು ಕರೆದು ಆಡಿಸುವ ಬೌಲ್ ಪಂದ್ಯಗಳಲ್ಲೇ ಹೆಸರಾಂತದ್ದು. ವಿಸ್ಕಾನ್ಸಿನ್ನಿನ ದೊಡ್ಡ ಮೈಯ ಹುಡುಗರನ್ನು ಹುಡುಕಿ ತಂದು ಲೈನ್ ಕಟ್ಟಿದರು. ಬ್ರೂಕ್‌ಫೀಲ್ಡ್‌ನ ಜೋ ಥಾಮಸ್ ಅದೇ ಮಣ್ಣಿನವರು. ಆ ಗೋಡೆಯ ಹಿಂದೆ ರಾನ್ ಡೇನ್ ಕಾಲೇಜು ಆಟದ ಅತ್ಯುತ್ತಮ ಆಟಗಾರನಿಗೆ ಕೊಡುವ 1999ರ ಹೈಸ್ಮನ್ ಪ್ರಶಸ್ತಿ ಪಡೆದರು, 2014ರಲ್ಲಿ ಮೆಲ್ವಿನ್ ಗೋರ್ಡನ್ ನೆಬ್ರಾಸ್ಕಾ ಮೇಲೆ ಮೂರೇ ಕ್ವಾರ್ಟರ್‌ನಲ್ಲಿ 408 ಯಾರ್ಡ್ ಓಡಿದರು. ಇದನ್ನೇ ನೀವು ಅಜ್ಜನ ಕಾಲ ಅನ್ನುವುದು.

2022ರ ಅಕ್ಟೋಬರ್‌ನಲ್ಲಿ 67 ಗೆದ್ದು 26 ಸೋತಿದ್ದ ಕೋಚ್ ಪಾಲ್ ಕ್ರಿಸ್ಟ್ ಹೋದರು. ಲೂಕ್ ಫಿಕಲ್ ಬಂದರು, ಜೊತೆಗೆ ಏರ್ ರೇಡ್ ಹಿಡಿದುಕೊಂಡು ಅಫೆನ್ಸ್ ನಡೆಸಲು ಫಿಲ್ ಲಾಂಗೋ. ಲಾಂಗೋ ಓಟದ ವೈರಿಯೇನಲ್ಲ. 2020ರಲ್ಲಿ ನಾರ್ತ್ ಕೆರೊಲೈನಾದಲ್ಲಿ ಅವರ ಇಬ್ಬರು ಓಟಗಾರರೂ ಸಾವಿರ ಯಾರ್ಡ್ ದಾಟಿದ್ದರು. ಆದರೆ ಇಲ್ಲಿ ಸಿಕ್ಕ ಸಾಮಾನು ಬೇರೆ ಆಟಕ್ಕೆ ಕೂಡಿಟ್ಟದ್ದು. ಹೊರಗಿನಿಂದ ಕರೆಸಿದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬರಿಗೆ ಕೈ ಮುರಿಯಿತು, ಇನ್ನೊಬ್ಬರಿಗೆ ಮಂಡಿ ಹೋಯಿತು. 2024ರ ನವೆಂಬರ್‌ನಲ್ಲಿ ಆರೆಗನ್ ಎದುರು 16-13ರಿಂದ ಸೋತ ಮರುದಿನವೇ ಲಾಂಗೋ ಅವರನ್ನು ಕಳಿಸಿದರು. ಆ ವರ್ಷ 5-7, ಸತತ 22 ವರ್ಷ ಬೌಲ್ ಪಂದ್ಯ ಆಡಿದ ಸಾಲು ಅಲ್ಲಿಗೆ ಮುರಿಯಿತು.

ಮಿಶಿಗನ್‌ನದೂ ಇದೇ ಕತೆ. 2008ರಲ್ಲಿ ಆಟಗಾರರನ್ನು ಅಗಲಕ್ಕೆ ಹರಡಿ ಕ್ವಾರ್ಟರ್‌ಬ್ಯಾಕ್‌ನನ್ನೇ ಓಡಿಸುವ ಸ್ಪ್ರೆಡ್ ಆಟದ ಗುರು ರಿಚ್ ರಾಡ್ರಿಗೆಜ್ ಬಂದಾಗ ಪಾಸ್ ಎಸೆಯಬಲ್ಲ ರಯಾನ್ ಮ್ಯಾಲೆಟ್ ಅರ್ಕಾನ್ಸಾಕ್ಕೆ ಹೊರಟುಹೋದರು. 3-9 ಆಯಿತು, 33 ವರ್ಷದ ಬೌಲ್ ಸಾಲು ಮುರಿಯಿತು. ನೆಬ್ರಾಸ್ಕಾದ್ದು ಇನ್ನೂ ಕರುಳು ಹಿಂಡುವಂಥದ್ದು. ಟಾಮ್ ಆಸ್ಬರ್ನ್, ಚೆಂಡು ಕೊಡುವುದೋ ತಾನೇ ಓಡುವುದೋ ಎಂದು ಕ್ವಾರ್ಟರ್‌ಬ್ಯಾಕ್ ಆಡುತ್ತಲೇ ತೀರ್ಮಾನಿಸುವ ಆಪ್ಶನ್ ಓಟದಿಂದ ನಾಲ್ಕು ವರ್ಷದಲ್ಲಿ ಮೂರು ರಾಷ್ಟ್ರೀಯ ಪ್ರಶಸ್ತಿ ತಂದ ಊರದು. ಅವರ ಶಿಷ್ಯ ಫ್ರಾಂಕ್ ಸೋಲಿಚ್ 2003ರಲ್ಲಿ ಒಂಬತ್ತು ಗೆದ್ದು ಮೂರು ಸೋತಿದ್ದಾಗ ಕೆಲಸ ಕಳೆದುಕೊಂಡರು. ಬಿಲ್ ಕ್ಯಾಲಹನ್ ಚಿಕ್ಕ ಪಾಸ್‌ಗಳ ವೆಸ್ಟ್ ಕೋಸ್ಟ್ ಆಟ ತಂದರು. 2004ರಲ್ಲಿ 5-6. 1961ರ ನಂತರ ಗೆಲುವಿಗಿಂತ ಸೋಲು ಹೆಚ್ಚಾದ ಮೊದಲ ಋತು, 35 ವರ್ಷದ ಬೌಲ್ ಸಾಲೂ ಹೋಯಿತು. ಸೋಲಿಚ್ ಒಹಾಯೋ ವಿಶ್ವವಿದ್ಯಾಲಯಕ್ಕೆ ಹೋಗಿ 16 ಋತು ನೆಮ್ಮದಿಯಾಗಿ ತಂಡ ನಡೆಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನೋಣವೆಂದರೆ, ನೆಬ್ರಾಸ್ಕಾ ತಂಡದ ಊರಾದ ಲಿಂಕನ್‌ನಲ್ಲಿ ಎತ್ತಿಗೆ ಜ್ವರವೂ ಬಂದಿರಲಿಲ್ಲ.

ಹಾಗಾದರೆ ಆಟ ಬದಲಾಗಲೇಬಾರದೇ? ಬದಲಾಗಲಿ, ಟೆಕ್ಸಾಸ್ ಬದಲಾದಂತೆ. 1968ರಲ್ಲಿ ಅಲ್ಲಿಯ ಸಹಾಯಕ ಕೋಚ್ ಎಮರಿ ಬೆಲ್ಲರ್ಡ್ ಕೈಯಲ್ಲಿದ್ದ ಒಳ್ಳೆಯ ಓಟಗಾರರನ್ನೆಲ್ಲ ಒಟ್ಟಿಗೆ ನಿಲ್ಲಿಸಲೆಂದೇ ವಿಶ್‌ಬೋನ್ ರಚನೆ ಹೊಸೆದರು. ಮೊದಲ ಪಂದ್ಯ ಡ್ರಾ, ಎರಡನೆಯದು ಸೋಲು. ಮುಖ್ಯ ಕೋಚ್ ಡ್ಯಾರೆಲ್ ರಾಯಲ್ ರಚನೆಯನ್ನು ಬಿಡಲಿಲ್ಲ, ಕ್ವಾರ್ಟರ್‌ಬ್ಯಾಕ್‌ನನ್ನು ಬದಲಿಸಿದರು. ಆಮೇಲೆ ಸತತ 30 ಗೆಲುವು.

ಪೋರ್ಟಲ್ ಎಂದಿರಿ. ಇಂಡಿಯಾನಾ ನಿಮ್ಮ ಮನಸ್ಸಿನಲ್ಲಿರಬೇಕು. 2023ರಲ್ಲಿ 3-9 ಇದ್ದ ತಂಡವನ್ನು ಕರ್ಟ್ ಸಿಗ್ನೆಟಿ ಮರುವರ್ಷವೇ 11-2ಕ್ಕೆ ಒಯ್ದರು. ಆದರೆ ಅವರು ಬಂದದ್ದು ಒಂಟಿಯಾಗಿಯೇ? ತಾವು ಹಿಂದೆ ಕೋಚ್ ಆಗಿದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ತಮ್ಮಲ್ಲೇ ಪಳಗಿದ 13 ಆಟಗಾರರನ್ನು ಕರೆತಂದರು, ಅಫೆನ್ಸ್, ಡಿಫೆನ್ಸ್ ಎರಡೂ ಕಡೆಯ ಆಟ ಯೋಜಿಸುವ ಕೋಆರ್ಡಿನೇಟರ್‌ಗಳನ್ನೂ ತಂದರು. ನೀವು ಒಂದು ಚಳಿಗಾಲವೆಂದು ಲೆಕ್ಕ ಹಾಕಿದ್ದು ಅವರೆಲ್ಲ ಕೂಡಿ ಕಳೆದ ಹಲವು ವರ್ಷ.

ಇನ್ನು 'ಒಬ್ಬ ಆಗದಿದ್ದರೆ ಇನ್ನೊಬ್ಬ' ಎಂದಿರಲ್ಲ, ಅದರ ಬೆಲೆ ಕೇಳಿ. 2023ರಲ್ಲಿ ಜಿಂಬೋ ಫಿಶರ್ ಅವರನ್ನು ಬಿಡಿಸಲು ಟೆಕ್ಸಾಸ್ ಎ ಅಂಡ್ ಎಂ ಒಪ್ಪಿಕೊಂಡ ಹೊರೆ ಏಳೂವರೆ ಕೋಟಿ ಡಾಲರಿಗೂ ಮೇಲೆ. ಕೆಲಸ ಮಾಡಲಿಕ್ಕಲ್ಲ, ಮಾಡದೆ ಇರಲಿಕ್ಕೆ! ಶುಲ್ಕ ಕಟ್ಟಲು ಸಾಲ ಎತ್ತಿದ ಮಕ್ಕಳು ಓದುವ ಊರಿನಲ್ಲಿ ಇಂಥ ಹಣ ನಾಲ್ಕು ಶನಿವಾರದ ಸಿಟ್ಟಿಗೆ ಎದ್ದು ಬರುತ್ತದೆ. 'ಆಧುನಿಕ' ಎಂಬ ಮಾತು ಕಿವಿಗೆ ಬಿದ್ದೊಡನೆ ಲೆಕ್ಕ ಕೇಳುವವರು ಬಾಯಿ ಮುಚ್ಚಿಕೊಳ್ಳುವುದು ಫುಟ್‌ಬಾಲ್‌ನಲ್ಲಿ ಮಾತ್ರವಲ್ಲ. ಅದನ್ನು ಬರೆಯಹೊರಟರೆ ಈ ಸಂಚಿಕೆಯ ಪುಟ ಸಾಲದು.

ಮುಂದಿನ ಸಲ ಹೊಸ ಕೋಚ್ ಕೆಂಪು ಟೈ ಕಟ್ಟಿಕೊಂಡು ಪತ್ರಿಕಾಗೋಷ್ಠಿಗೆ ಕೂತಾಗ ಭಾಷಣ ಬಿಡಿ. ಲೈನ್ ಕೋಚ್ ಯಾರು, ಲೈನಿನ ತುದಿಗೆ ನಿಂತು ತಡೆಯುವ, ಪಾಸೂ ಹಿಡಿಯುವ ಟೈಟ್ ಎಂಡ್‌ಗಳು ಎಷ್ಟು ಜನ, ಲೈನಿನ ಎಡತುದಿಯ ಟ್ಯಾಕಲ್ ಯಾವ ವರ್ಷದ ವಿದ್ಯಾರ್ಥಿ, ಗಾಯವಾದರೆ ಅವನ ಜಾಗಕ್ಕೆ ಯಾರು ಎಂದು ನೋಡಿ. ಎರಡನೇ ಕ್ವಾರ್ಟರ್‌ಬ್ಯಾಕ್ ಕಾಲೇಜು ಪಂದ್ಯದಲ್ಲಿ ಎಷ್ಟು ಸರದಿ (ಸ್ನ್ಯಾಪ್) ಆಡಿದ್ದಾನೆ ಎಂಬುದನ್ನೂ. ಇಷ್ಟಕ್ಕೆ ಉತ್ತರ ಸಿಕ್ಕ ಮೇಲೆ ಪಾಸೋ ಓಟವೋ ಎಂದು ಗ್ರಿಲ್ ಸುತ್ತ ಬೇಕಾದಷ್ಟು ಜಗಳವಾಡಿ. ಹೊಟ್ಟೆಗೆ ಹಿಟ್ಟಿದ್ದರೆ ಜುಟ್ಟಿನ ಮಲ್ಲಿಗೆಗೆ ನಮ್ಮ ಆಕ್ಷೇಪವಿಲ್ಲ.

ನೀವು ಲಗತ್ತಿಸಿದ ಐವರ ಪಟ್ಟಿಯನ್ನು ಅಚ್ಚು ಹಾಕಿಲ್ಲ, ಕ್ಷಮಿಸಿ. ಐವರಲ್ಲಿ ಒಬ್ಬರೂ ಲೈನ್ ಕೋಚ್ ಆಗಿದ್ದವರಲ್ಲ.