ಪೇಪರ್ ಒಂದು, ಲೇಖಕರು ನಾಲ್ವರು
ಪ್ರಶ್ನೆ: ಸರ್, ಕಾಲೇಜಿನ ವಿಚಾರ ಸಂಕಿರಣಕ್ಕೆ ಡೇಟಾಬೇಸ್ ಮಾಡ್ತಿದೀನಿ. ಪೇಪರ್ ಟೇಬಲ್‌ನಲ್ಲೇ ಲೇಖಕ1, ಲೇಖಕ2, ಲೇಖಕ3 ಅಂತ ಕಾಲಂ ಇಟ್ರೆ ಸಾಕಾ?

ಉತ್ತರ: ದಯವಿಟ್ಟು ಬೇಡ, ನಾಲ್ಕನೇ ಲೇಖಕರು ಬಂದ್ರೆ ಟೇಬಲ್ಲೇ ಬದಲಾಯಿಸ್ಬೇಕಾಗತ್ತೆ. ಒಬ್ರು ಎಷ್ಟೋ ಪೇಪರ್ ಬರೀಬಹುದು, ಒಂದು ಪೇಪರಿಗೆ ಎಷ್ಟೋ ಜನ ಇರಬಹುದು, ಹಾಗಾಗಿ ವ್ಯಕ್ತಿಗೊಂದು ಟೇಬಲ್, ಪೇಪರಿಗೊಂದು, ಮಧ್ಯೆ ಎರಡರ ಐಡಿ ಜೋಡಿಸೋಕೆ ಮೂರನೇದು, ಅದರಲ್ಲೇ ಲೇಖಕರ ಕ್ರಮಸಂಖ್ಯೆನೂ ಇರಲಿ, ಮೊದಲ ಹೆಸರು ಯಾರದು ಅನ್ನೋದು ಸಂಶೋಧಕರಿಗೆ ತುಂಬಾ ಮುಖ್ಯ. ರಿವ್ಯೂವರ್‌ಗಳನ್ನೂ (ಪೇಪರ್ ಓದಿ ಅಂಕ ಕೊಡೋರನ್ನ) ವ್ಯಕ್ತಿ ಟೇಬಲ್‌ನಲ್ಲೇ ಇಡಿ, ಅವರೂ ಪೇಪರ್ ಕಳಿಸಿರ್ತಾರೆ. ರಿವ್ಯೂ ಟೇಬಲ್‌ಗೆ ಪೇಪರ್ ಐಡಿ, ವ್ಯಕ್ತಿ ಐಡಿ ಎರಡೂ ಸೇರಿ ಪ್ರೈಮರಿ ಕೀ (ಟೇಬಲ್ಲಲ್ಲಿ ಒಂದೇ ಸಲ ಬರಬಹುದಾದ ಗುರುತು) ಮಾಡಿ, ಒಬ್ರೇ ಎರಡು ಸಲ ಅಂಕ ಕೊಡೋದು ತಪ್ಪತ್ತೆ. ಆದ್ರೆ ತಮ್ಮ ಪೇಪರಿಗೆ ತಾವೇ ಅಂಕ ಹಾಕೋದನ್ನ ಆ ಕೀ ತಡೆಯಲ್ಲ, ಅದಕ್ಕೊಂದು ಟ್ರಿಗರ್ (ಅಂಕ ಸೇರಿಸೋವಾಗ ಡೇಟಾಬೇಸ್ ತಾನೇ ಓಡಿಸೋ ಕೋಡ್) ಬರೀರಿ.