ಓಹಾಯೊ–ಮಿಶಿಗನ್ ಪಂದ್ಯ: ಎಲ್ಲಿ ಕಣ್ಣಿಡಬೇಕು?

ಮಗ ಕೊಲಂಬಸ್‌ನಲ್ಲಿ ಓದುತ್ತಿದ್ದಾನೆ, ಅಲ್ಲಿನ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಮಿಶಿಗನ್ ವಿಶ್ವವಿದ್ಯಾಲಯದ ವಿರುದ್ಧ ಆಡುವ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಟಿಕೆಟ್ ಸಿಕ್ಕಿದೆ, ಆಟ ಅರ್ಥವಾಗಬೇಕಾದರೆ ಏನು ನೋಡಬೇಕು ಅಂತ ಕೇಳಿದ್ದೀರಿ. ಚೆಂಡನ್ನು ಬಿಡಿ ಸರ್, ನಡುವಿನ ಸಾಲಿನಲ್ಲಿ ಮೈಗೆ ಮೈ ತಾಗಿಸಿ ನೂಕಾಡುವ ದೈತ್ಯರನ್ನು ನೋಡಿ. 2024ರಲ್ಲಿ ಅಲ್ಲೇ ಓಹಾಯೊಗೆ ಪಂದ್ಯ ಕೈತಪ್ಪಿದ್ದು. ಓಹಾಯೊ ದೊಡ್ಡ ಫೇವರಿಟ್. ಮಿಶಿಗನ್ ಚೆಂಡು ಎಸೆದು ಮುಂದೆ ಸಾಗಿದ್ದು ಬರೀ 62 ಗಜ. ಆದರೆ ಆ ದೈತ್ಯರು ದಾರಿ ಬಿಡಿಸಿಕೊಟ್ಟಿದ್ದರಿಂದ ಚೆಂಡು ಹಿಡಿದು ಓಡಿ ಓಡಿ 172 ಗಜ ದಾಟಿತು, ಓಹಾಯೊ 77ಕ್ಕೇ ನಿಂತಿತು. ಕೊನೆಗೆ 45 ಸೆಕೆಂಡ್ ಉಳಿದಿದ್ದಾಗ ಒಂದು ಫೀಲ್ಡ್ ಗೋಲ್ (ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸಿದರೆ ಸಿಗುವ ಮೂರು ಅಂಕ), ಮಿಶಿಗನ್‌ಗೆ 13–10ರ ಗೆಲುವು. ಅದೇ ಓಹಾಯೊ ಆ ಋತುವಿನಲ್ಲೇ ರಾಷ್ಟ್ರೀಯ ಚಾಂಪಿಯನ್ ಆಯಿತು, ಆದರೂ ಆ ಸೋಲು ನನಗೆ ಇನ್ನೂ ಚುಚ್ಚುತ್ತದೆ. ಸತತ ನಾಲ್ಕು ಸೋಲಿನ ನಂತರ 2025ರಲ್ಲಿ 27–9ರಿಂದ ಗೆದ್ದಾಗ ನಿಜಕ್ಕೂ ಕಣ್ಣು ತುಂಬಿ ಬಂತು.

ಯಾರು ಗೆಲ್ಲುತ್ತಾರೆ ಅಂದಿರಿ. ತವರಿನಲ್ಲಿ ಓಹಾಯೊ ಅನ್ನುತ್ತೇನೆ, ಮೊದಲ ಕ್ವಾರ್ಟರ್‌ನಲ್ಲೇ ನಡುವಿನಿಂದ ಓಡಿ ಪ್ರತಿ ಸಲ ನಾಲ್ಕೈದು ಗಜ ಸಿಗುತ್ತಿದ್ದರೆ ಮಾತ್ರ.

ಒಂದು ದಿನ ಮೊದಲೇ ಹೋಗಿ. ಆ ವಾರ ಕ್ಯಾಂಪಸ್ಸಿನ ಫಲಕಗಳಲ್ಲಿ ‘ಎಂ’ ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪ್ ಅಂಟಿಸಿ ಕಾಟು ಹೊಡೆದಿರುತ್ತಾರೆ, ಮಗನಿಗೆ ಹೇಳಿ ತೋರಿಸಿಕೊಳ್ಳಿ. ನೀಲಿ–ಹಳದಿ ಬಟ್ಟೆ ಮಾತ್ರ ಬೇಡ, ಅದು ಮಿಶಿಗನ್‌ನವರ ಬಣ್ಣ.